ಗೋಣಿಚೀಲದ ಡೈನಮೋ

ನೆನೆಸಿದ ಅವರೆಕಾಳು ಹಿಸುಕುತ್ತ ಕೂತಿದ್ದೆ. ಎರಡು ಬೆರಳ ನಡುವೆ ಕಾಳು ಹಿಡಿದು ಒತ್ತಿದರೆ ಬೇಳೆ ಚಿಮ್ಮಿ ಪಾತ್ರೆಗೆ ಬೀಳುತ್ತದೆ, ಸಿಪ್ಪೆ ಬೆರಳಲ್ಲೇ ಉಳಿಯುತ್ತದೆ. ಅರ್ಧ ಪಾತ್ರೆ ಆಗಿತ್ತು. ಒಬ್ಬಳಿಗೆ ಅಷ್ಟು ಬೇಡ. ಆದರೆ ನಾಲ್ಕು ಜನಕ್ಕೆ ನೆನೆಹಾಕಿ ಅಭ್ಯಾಸವಾದ ಕೈ ಇನ್ನೂ ಅಷ್ಟನ್ನೇ ಅಳೆಯುತ್ತದೆ. ಈ ಕೆಲಸವನ್ನು ನಾನು ಅಂಗಡಿಯ ಬಾಗಿಲಲ್ಲಿ ಕೂತೇ ಮಾಡುವುದು. ಯಾರಾದರೂ ಬಂದರೆ ಕಾಣುತ್ತದೆ. ಯಾರೂ ಬರುತ್ತಿಲ್ಲ ಎಂಬುದೂ ಅಲ್ಲಿಂದಲೇ ಚೆನ್ನಾಗಿ ಕಾಣುತ್ತದೆ.

ಅಂಗಡಿ ಇರುವುದು ಶ್ರೀರಂಗಪಟ್ಟಣದ ಹೊರಗೆ, ಪಾಂಡವಪುರದ ಕಡೆ ಹೋಗುವ ರಸ್ತೆಯಲ್ಲಿ. ಬೋರ್ಡಿನ ಮೇಲೆ 'ತಿಮ್ಮರಾಜು ಆಟೋ ಎಲೆಕ್ಟ್ರಿಕಲ್ಸ್' ಎಂದಿದೆ. ತಿಮ್ಮರಾಜು ನನ್ನ ಯಜಮಾನರು, ತೀರಿಕೊಂಡು ಹದಿನಾಲ್ಕು ವರ್ಷವಾಯಿತು. ಹೊಸ ಹೈವೇ ಆದಮೇಲೆ ಲಾರಿಗಳು ಊರೊಳಗೆ ಬರುವುದನ್ನೇ ಬಿಟ್ಟವು. ಎದುರಿನ ಟೀ ಅಂಗಡಿ ಮುಚ್ಚಿತು, ಪಂಕ್ಚರ್ ಅಂಗಡಿಯವನು ಹೈವೇ ಪಕ್ಕಕ್ಕೆ ಹೋದ. ಅಂಗಡಿಯ ಹಿಂದಿನ ಒಂದೂವರೆ ಕೋಣೆಯಲ್ಲಿ ನಾನಿದ್ದೇನೆ. ವಾರಕ್ಕೊಂದು ಟ್ರಾಕ್ಟರು ಬಂದರೆ ಹೆಚ್ಚು.

ಹಾಗಾಗಿ ಅಂದು ಲಾರಿ ಬಂದು ನಿಂತಾಗ, ವಿಳಾಸ ಕೇಳಲು ನಿಂತಿರಬೇಕು ಎಂದುಕೊಂಡೆ. ಎಂಜಿನ್ ನಿಲ್ಲಿಸದೆ ಒಬ್ಬ ಇಳಿದು ಬಂದ. ಮೂವತ್ತೈದರ ಆಸುಪಾಸು, ಕಿವಿಯ ಹಿಂದೆ ಬೀಡಿ.

"ಅವ್ವಾ, ಇಲ್ಲಿ ಎಲೆಕ್ಟ್ರಿಕ್ ಕೆಲ್ಸ ಮಾಡೋರು ಇಲ್ವಾ?"

"ಅವ್ರೆ."

"ಎಲ್ಲವ್ರೆ?"

"ನಿನ್ ಮುಂದೆ ಕೂತ್ಕಂಡು ಅವರೆಕಾಳು ಇಸುಕ್ತಾವ್ರೆ."

ಅವನು ನನ್ನನ್ನೂ ಬೋರ್ಡನ್ನೂ ಒಂದೊಂದು ಸಲ ನೋಡಿದ. ಆಮೇಲೆ ನಕ್ಕ. "ತಪ್ಪಾಯ್ತು ಕಣವ್ವ. ಅಂಗೇ ಗಾಡಿ ಒಂದ್ಸಲ ನೋಡಿ. ಆಫ್ ಮಾಡಾಕಾಗಕಿಲ್ಲ, ಮಾಡುದ್ರೆ ಮತ್ತೆ ಸೆಲ್ಫ್ ಒಡ್ಯಾಕಿಲ್ಲ. ತಳ್ಬೇಕು. ತಳ್ಳಾಕೆ ಇಲ್ಲಿ ನಾನೊಬ್ಬ, ನೀವೊಬ್ರು."

ಹೆಸರು ಕುಮಾರ್, ಕೆ.ಆರ್. ಪೇಟೆಯ ಕಡೆಯವನು. ಇರುವುದು ಒಂದೇ ಲಾರಿ, ಓನರೂ ತಾನೇ ಡ್ರೈವರೂ ತಾನೇ. ಆಲೆಮನೆಗಳಿಂದ ಬೆಲ್ಲ ಹೊರುತ್ತಾನೆ. ಒಂದು ತಿಂಗಳಿಂದ ಬ್ಯಾಟರಿ ನಿಲ್ಲುತ್ತಿಲ್ಲವಂತೆ. ಬೆಳಿಗ್ಗೆ ಮೈಸೂರಿನ ಕಡೆ ಕಂಪನಿಯ ಷೋರೂಮಿಗೆ ಹೋಗಿ, ಅಲ್ಲಿ ಕೊಟ್ಟ ಖರ್ಚಿನ ಅಂದಾಜಿನ ಕಾಗದ ನೋಡಿ ತಲೆ ಸುತ್ತಿ, ಯೋಚನೆ ಮಾಡಿ ಬರುತ್ತೇನೆ ಎಂದು ವಾಪಸು ಹೊರಟಿದ್ದ. ಕಾಗದವನ್ನು ನನ್ನ ಕೈಗೆ ಕೊಟ್ಟ.

ಇಂಗ್ಲಿಷಿನಲ್ಲಿತ್ತು. ನಾನು ಅಕ್ಷರ ಕಲಿತದ್ದು ರಾತ್ರಿ ಶಾಲೆಯಲ್ಲಿ, ಮೂವತ್ತನಾಲ್ಕನೆಯ ವಯಸ್ಸಿನಲ್ಲಿ, ಅದೂ ಕನ್ನಡ ಮಾತ್ರ. ಆದರೆ ಸಾಮಾನಿನ ಡಬ್ಬಿಗಳ ಮೇಲೆ ನೋಡಿ ನೋಡಿ ಕೆಲವು ಇಂಗ್ಲಿಷ್ ಹೆಸರುಗಳು ಗುರುತಾಗಿವೆ. ಡೈನಮೋ ಹೊಸದು, ಅದಕ್ಕೆ ಅವರು ಆಲ್ಟರ್ನೇಟರ್ ಎನ್ನುತ್ತಾರೆ. ಬ್ಯಾಟರಿ ಎರಡೂ ಹೊಸದು. ವೈರಿಂಗ್ ಪೂರ್ತಿ ಹೊಸದು. ಕೆಳಗೆ ಐವತ್ತೆರಡು ಸಾವಿರದ ಚಿಲ್ಲರೆ.

ಇದೇ ಪಟ್ಟಿಯನ್ನು ಆರು ವರ್ಷದ ಹಿಂದೆ ಒಮ್ಮೆ ನೋಡಿದ್ದೆ. ಅದು ಪಾಂಡವಪುರದ ಚೌಡಯ್ಯನ ಲಾರಿಯದು.

ಆಗ ಅಂಗಡಿಯಲ್ಲಿ ನಾವಿಬ್ಬರಿದ್ದೆವು, ನಾನು ಮತ್ತು ನನ್ನ ಮೈದುನ ನಾಗರಾಜು. ನಾನು ಸೊಸೆಯಾಗಿ ಬಂದಾಗ ಅವನಿಗೆ ಏಳು ವರ್ಷ. ತಾಯಿಯಿಲ್ಲದ ಮಗು, ನನ್ನ ಕೈಯಲ್ಲೇ ಉಂಡು ದೊಡ್ಡವನಾದ. ನನಗೆ ಬೇರೆ ಮಕ್ಕಳಿಲ್ಲ. ಯಜಮಾನರು ನಮ್ಮಿಬ್ಬರಿಗೂ ಕೆಲಸ ಕಲಿಸಿದ್ದರು. ಅವರು ಹೋದಮೇಲೆ ಹಂಚಿಕೊಂಡೆವು: ಡೈನಮೋ, ಸೆಲ್ಫು ಬಿಚ್ಚಿ ಸರಿ ಮಾಡುವುದು ಅವನದು. ಕಾಯಿಲ್ ಸುತ್ತುವುದು, ಲಾರಿಗೆ ವೈರು ಕಟ್ಟುವುದು ನನ್ನದು. ನಾನು ಕಟ್ಟಿದ ವೈರನ್ನು ಅವನು ತಿರುಗಿ ನೋಡುತ್ತಿರಲಿಲ್ಲ. "ಅತ್ಗೆಮ್ಮ ಕಟ್ಟವ್ರೆ ಅಂದ್ಮೇಲೆ ಅದ್ನೇನ್ ನೋಡೋದು" ಎನ್ನುತ್ತಿದ್ದ.

ಚೌಡಯ್ಯನ ಡೈನಮೋದಲ್ಲಿ ಡಯೋಡ್ ಪ್ಲೇಟು ಸುಟ್ಟಿತ್ತು. ನಾಗರಾಜು ಮೈಸೂರಿಗೆ ಹೋಗಿ ಹೊಸದನ್ನು ತಂದು ಹಾಕಿದ. ವಾರದೊಳಗೆ ಬ್ಯಾಟರಿ ಇಳಿದು ಲಾರಿ ವಾಪಸು ಬಂತು. ಹೀಗೆ ಮೂರು ಸಲ. ಮೂರು ಸಲವೂ ಬೆಂಚಿನ ಮೇಲೆ ತಿರುಗಿಸಿದರೆ ಡೈನಮೋ ಸರಿಯಾಗಿದೆ, ಬ್ಯಾಟರಿ ತುಂಬಿಸಿ ಲಾರಿಗೆ ಕಟ್ಟಿದರೆ ಕೆಲವು ದಿನಕ್ಕೆ ಮತ್ತೆ ಚಾರ್ಜಿಲ್ಲ. ಚೌಡಯ್ಯ ರೋಸಿಹೋಗಿ ಷೋರೂಮಿಗೆ ಕೊಟ್ಟ. ಅವರು ಎಲ್ಲವನ್ನೂ ಬದಲಾಯಿಸಿದರು, ಲಾರಿ ಓಡಿತು. ಅವನು ಆ ಬಿಲ್ಲು ಹಿಡಿದುಕೊಂಡು ಬಂದು ಹಳೆಯ ಡೈನಮೋವನ್ನು ನಮ್ಮ ಬಾಗಿಲಿಗೆ ಎಸೆದ.

"ನೋಡವ್ವ ಪುಟ್ತಾಯಮ್ಮ, ನಿನ್ ಮೈದ್ನ ಹಳೇ ಪ್ಲೇಟ್ ಹಾಕಿ ಹೊಸದ್ರ ಕಾಸು ನುಂಗವ್ನೆ. ಇಲ್ದಿದ್ರೆ ಮೂರ್ ಸಲ ಯಾಕ್ ಕೆಡ್ತದೆ?"

ಎದುರಿನ ಟೀ ಅಂಗಡಿಯಲ್ಲಿ ಐದು ಜನ ಡ್ರೈವರುಗಳು ಲೋಟ ಹಿಡಿದು ನಿಂತಿದ್ದರು. ನಾನು ಸುಮ್ಮನಿರಬಹುದಾಗಿತ್ತು. ಚೌಡಯ್ಯನಿಗೆ ನಾಲ್ಕು ಮಾತು ಬೈದು ಕಳಿಸಬಹುದಾಗಿತ್ತು. ನಾನು ಮಾಡಿದ್ದು ನಾಗರಾಜುವಿನ ಕಡೆ ತಿರುಗಿ ಕೇಳಿದ್ದು.

"ನಾಗ್ರಾಜು, ಹಳೇದ್ ಹಾಕಿದ್ಯೇನಪ್ಪ? ಹಾಕಿದ್ರೆ ಹೇಳ್ಬುಡು."

ಅವನು ಕೈಯಲ್ಲಿದ್ದ ಸ್ಪ್ಯಾನರನ್ನು ಬೆಂಚಿನ ಮೇಲಿಟ್ಟ. ಬಟ್ಟೆಯ ಚೂರಿನಲ್ಲಿ ಒಂದೊಂದೇ ಬೆರಳು ಒರೆಸಿಕೊಂಡ. ಆ ವಾರವೇ ಹೆಂಡತಿ ಹೇಮಶ್ರೀಯನ್ನೂ ಮಗಳು ಪ್ರಿಯಾಂಕಳನ್ನೂ ಕರೆದುಕೊಂಡು ಹೆಂಡತಿಯ ಊರಾದ ದೇವಲಾಪುರಕ್ಕೆ ಹೋಗಿಬಿಟ್ಟ. ನಾಗಮಂಗಲ ತಾಲ್ಲೂಕು. ಅಲ್ಲಿ ಬೋರ್‌ವೆಲ್ ಮೋಟರು ರಿಪೇರಿ ಮಾಡಿಕೊಂಡಿದ್ದಾನಂತೆ.

ಫೋನು ಮಾಡಿದರೆ ಎತ್ತುವುದಿಲ್ಲ. ಒಂದು ಸಲ ಹೇಮಶ್ರೀ ಎತ್ತಿದಳು. "ಅಕ್ಕ, ಮಾತಾಡಾಕಿಲ್ಲ ಅಂತಾವ್ರೆ. ಕೇಳಿದ್ದಕ್ಕೆ ಉತ್ರ ನಿಮ್ ಬಾಗ್ಲಲ್ಲೇ ಬಿದ್ದೈತಂತೆ, ಬಿಚ್ಚಿ ನೋಡ್ಕಬೇಕಂತೆ" ಎಂದು ಅಷ್ಟೇ ಹೇಳಿ ಇಟ್ಟಳು.

ಬಾಗಿಲಲ್ಲಿ ಬಿದ್ದದ್ದು ಆ ಡೈನಮೋ. ಹೊಸ ಸಾಮಾನು ಹಾಕಿದರೆ ಅದರ ಬೆನ್ನಿನ ಮೇಲೆ ಮೊಳೆಯಿಂದ ತಾರೀಖು ಕೊರೆಯುವುದು ನಮ್ಮ ಅಂಗಡಿಯ ರೂಢಿ, ಯಜಮಾನರು ಹಾಕಿಕೊಟ್ಟದ್ದು. ಹಿಂದಿನ ಮುಚ್ಚಳದ ನಾಲ್ಕು ಸ್ಕ್ರೂ ತೆಗೆದರೆ ಐದು ನಿಮಿಷದಲ್ಲಿ ತಿಳಿಯುವ ವಿಷಯ. ನಾನು ತೆಗೆಯಲಿಲ್ಲ. ತಾರೀಖು ಇಲ್ಲದಿದ್ದರೆ ನಾನು ಸಾಕಿದವನು ಕಳ್ಳನಾಗುತ್ತಾನೆ. ಇದ್ದರೆ, ಕಳ್ಳನಲ್ಲದವನನ್ನು ಐದು ಜನರ ಮುಂದೆ ಹಾಗೆ ಕೇಳಿದವಳು ನಾನಾಗುತ್ತೇನೆ. ಎರಡೂ ನನಗೆ ಬೇಡವಾಗಿತ್ತು. ಅದನ್ನು ಗೋಣಿಚೀಲಕ್ಕೆ ಹಾಕಿ, ಬಾಯಿ ಕಟ್ಟಿ, ಬೆಂಚಿನ ಕೆಳಗೆ ತಳ್ಳಿದೆ. ಆರು ವರ್ಷ ಅಲ್ಲಿಯ ಕಸವನ್ನು ಚೀಲದ ಸುತ್ತ ಗುಡಿಸಿದ್ದೇನೆ, ಚೀಲವನ್ನು ಸರಿಸಿಲ್ಲ.

ಕಾಗದಗಳನ್ನು ಮಾತ್ರ ಬರೆದೆ. ಹನ್ನೊಂದು ಆಗಿವೆ. ಎಲ್ಲವೂ 'ಚಿರಂಜೀವಿ ನಾಗರಾಜುವಿಗೆ ಅತ್ತಿಗೆಯ ಆಶೀರ್ವಾದ' ಎಂದು ಶುರುವಾಗಿ, ಮಳೆ ಬೆಳೆ ಆರೋಗ್ಯ ಎಲ್ಲ ಆಗಿ, 'ಆದದ್ದನ್ನು ಮರೆತು ಬಾ' ಎಂಬಲ್ಲಿಗೆ ಬರುತ್ತವೆ. ಕವರಿಗೆ ಹಾಕಿ, ಅಂಟಿಸಿ, ವಿಳಾಸವನ್ನೂ ಬರೆದೆ. ಆದದ್ದು ಏನು ಎಂದು ನನಗೇ ಗೊತ್ತಿಲ್ಲದೆ ಅವನಿಗೆ ಮರೆತುಬಿಡು ಎಂದು ಹೇಗೆ ಹೇಳಲಿ? ಅಂಚೆಪೆಟ್ಟಿಗೆಯವರೆಗೂ ಹೋಗಿ ವಾಪಸು ತಂದ ಕಾಗದಗಳಿವೆ ಅದರಲ್ಲಿ. ಒಂದು ಸಲ ನಾನೇ ಹೊರಟೆ. ನಾಗಮಂಗಲದ ಬಸ್ ಸ್ಟ್ಯಾಂಡಿನವರೆಗೂ ಹೋದೆ. ದೇವಲಾಪುರದ ಬಸ್ಸು ಎದುರಿಗೇ ನಿಂತಿತ್ತು. ಕಂಡಕ್ಟರು ಊರ ಹೆಸರು ಕೂಗುತ್ತ ನನ್ನ ಮುಖ ನೋಡಿದ. ನಾನು ಇಲ್ಲವೆಂದು ತಲೆಯಾಡಿಸಿದೆ. ಬಸ್ಸು ಹೊರಟಿತು. ಒಂದು ಟೀ ಕುಡಿದು ಬಂದ ದಾರಿಯಲ್ಲೇ ವಾಪಸು ಬಂದೆ.

"ಏನವ್ವ, ಕಾಗ್ದ ಇಡ್ಕಂಡು ಕಲ್ಲಾಗ್ಬುಟ್ರಿ?" ಎಂದ ಕುಮಾರ್. "ನೀವೂ ಹೆದುರ್ಕಂಡ್ರಾ ರೇಟ್ ನೋಡಿ?"

"ಲೈಟ್ ಆಕು" ಎಂದೆ.

ಹೆಡ್‌ಲೈಟು ಉರಿಯಿತು, ಹಳದಿಯಾಗಿ, ಕಾಯಿಲೆಯವರ ಕಣ್ಣಿನ ಹಾಗೆ. ಮೊದಲು ಬೆಲ್ಟು ನೋಡಿದೆ, ಬಿಗಿಯಾಗಿತ್ತು. ಮೀಟರು ತಂದು ಬ್ಯಾಟರಿಗೆ ಹಿಡಿದೆ. ಲಾರಿಯಲ್ಲಿ ಎರಡು ಬ್ಯಾಟರಿ ಸೇರಿ ಇಪ್ಪತ್ತನಾಲ್ಕು ವೋಲ್ಟು; ಎಂಜಿನ್ ಓಡುವಾಗ ಇಪ್ಪತ್ತೆಂಟರ ಹತ್ತಿರ ಬರಬೇಕು. ಇಪ್ಪತ್ತನಾಲ್ಕೂವರೆ ತೋರಿಸಿತು.

"ಅದ್ನೇ ಅವ್ರೂ ನೋಡಿದ್ದು" ಎಂದ ಕುಮಾರ್. "ಕಂಪ್ಯೂಟ್ರು ಹಾಕಿ, ಚಾರ್ಜ್ ಕಮ್ಮಿ, ಡೈನಮೋ ಹೋಗೈತೆ ಅಂದ್ರು."

"ಡೈನಮೋನ ಯಾರಾದ್ರೂ ಕೇಳುದ್ರಾ?"

"ಡೈನಮೋನ ಕೇಳಾದಾ? ಅದೇನ್ ಬಾಯ್ ಬುಡ್ತದಾ?"

"ಬುಡ್ತದೆ. ಬಾ ಇಲ್ಲಿ."

ಮೀಟರಿನ ಒಂದು ಕಡ್ಡಿಯನ್ನು ಡೈನಮೋದ ಬೋಲ್ಟಿಗೂ ಇನ್ನೊಂದನ್ನು ಅದರ ಮೈಗೂ ಮುಟ್ಟಿಸಿದೆ. ಇಪ್ಪತ್ತೆಂಟು ಕಾಲು. ಡೈನಮೋ ತನ್ನ ಕೆಲಸ ಮಾಡುತ್ತಿತ್ತು. ಹುಟ್ಟಿದ ಕರೆಂಟು ಬ್ಯಾಟರಿಗೆ ತಲುಪುವಷ್ಟರಲ್ಲಿ ಎಲ್ಲೋ ಸೋರುತ್ತಿತ್ತು. ಕೆಂಪು ವೈರಿನ ದಾರಿಯಲ್ಲಿ ನೋಡಿದೆ, ಅಲ್ಲಿ ನಷ್ಟವೇ ಇಲ್ಲ. ಇನ್ನು ಉಳಿದದ್ದು ಹಿಂತಿರುಗುವ ದಾರಿ. ಒಂದು ಕಡ್ಡಿಯನ್ನು ಎಂಜಿನ್ನಿನ ಮೈಗೆ, ಇನ್ನೊಂದನ್ನು ಬ್ಯಾಟರಿಯ ಮೈನಸ್ಸಿಗೆ. ಏನೂ ತೋರಿಸಬಾರದ ಕಡೆ ಮೂರೂವರೆ ತೋರಿಸಿತು.

"ಅರ್ಥಿಂಗು" ಎಂದೆ.

ಎಂಜಿನ್ನು ರಬ್ಬರಿನ ಮೇಲೆ ಕೂತಿರುತ್ತದೆ. ಅದರಿಂದ ಚಾಸಿಗೆ, ಅಂದರೆ ಲಾರಿಯ ಕೆಳಗಿನ ಕಬ್ಬಿಣದ ಚೌಕಟ್ಟಿಗೆ, ಒಂದು ತಾಮ್ರದ ಪಟ್ಟಿ ಕಟ್ಟಿರುತ್ತಾರೆ, ಕರೆಂಟು ವಾಪಸು ಬರುವುದು ಅದರಲ್ಲೇ. ಮುಂದಿನ ಚಕ್ರದ ಪಕ್ಕ ಕೂತು, ಮಂಡಿ ಹಿಡಿದುಕೊಂಡು ಒಳಗೆ ಕೈ ಹಾಕಿದೆ. ಪಟ್ಟಿಯ ಬೋಲ್ಟು ಮುಟ್ಟಿದರೆ ಸುಡುತ್ತಿತ್ತು. ಸುತ್ತಲೂ ಚಾಸಿ ಹೊಸ ಬಣ್ಣದಲ್ಲಿ ಮಿರುಗುತ್ತಿತ್ತು.

"ಎಫ್.ಸಿ. ಮಾಡ್ಸಿದ್ಯಾ?"

"ಹೂಂ, ಹೋದ್ ತಿಂಗ್ಳು. ಗಾಡಿ ಹಳೇದಲ್ವಾ, ವರ್ಷಾ ವರ್ಷ ಮಾಡಿಸ್ಬೇಕು. ಆರ್‌ಟಿಓನೋರು ಹೊಳಪು ನೋಡ್ತಾರೆ ಅಂತ ಪೂರ್ತಿ ಬಣ್ಣ ಒಡ್ಸಿದೆ."

"ಈ ಪಟ್ಟಿ ಯಾರ್ ಕಟ್ಟಿದ್ದು?"

"ನಾನೇ ಕಣವ್ವ. ಪೇಂಟರ್ ಬಿಚ್ಚಿಟ್ಟಿದ್ದ. ಅದ್ರಡೀಲಿ ಬರೀ ಕಬ್ಬಿಣ ಇತ್ತು, ತುಕ್ಕು ಹಿಡೀಬಾರ್ದು ಅಂತ ನಾನೇ ಇನ್ನೊಂದ್ ಕೈ ಬಣ್ಣ ಬಳ್ದು, ಒಣುಗ್ಸಿ, ಮೇಲೆ ಟೈಟ್ ಮಾಡ್ದೆ. ನೀಟಾಗೈತೆ ಅಲ್ವಾ?"

ನನ್ನ ಕೈ ಬೋಲ್ಟಿನ ಮೇಲೇ ನಿಂತಿತು. ಸುಡುತ್ತಿದ್ದರೂ ತೆಗೆಯುವುದು ತೋಚಲಿಲ್ಲ.

ತುಕ್ಕು ಹಿಡೀಬಾರ್ದು ಅಂತ. ಇದೇ ಮಾತನ್ನು ನಾನು ನನಗೇ ಹೇಳಿಕೊಂಡಿದ್ದೆ. ನಾಗರಾಜು ಪ್ಲೇಟು ಹಾಕಿದ ಮಾರನೆಯ ದಿನವೇ ಚೌಡಯ್ಯನ ಲಾರಿಗೆ ಎಫ್.ಸಿ., ಅಂದರೆ ಆರ್‌ಟಿಓ ಪರೀಕ್ಷೆ, ಇತ್ತು. ಅರ್ಥಿಂಗ್ ಪಟ್ಟಿ ಪುಡಿಪುಡಿಯಾಗಿದೆ ಎಂದು ನಾನೇ ಹೊಸದನ್ನು ಮಾಡಿದೆ. ಚಾಸಿಯನ್ನು ಕೆರೆದೆ. ಕೆರೆದ ಜಾಗ ಬೆಳ್ಳಗೆ ಕಂಡಿತು. ಕ್ಯಾಬಿನ್ನಿನಲ್ಲಿ ಹಸಿರು ಬಣ್ಣದ ಡಬ್ಬಿ ಇತ್ತು. ಬಾಗಿಲು ಸಾರಿಸಿದವಳು ರಂಗೋಲಿ ಬಿಡದೆ ಏಳುವುದಿಲ್ಲವಲ್ಲ, ಹಾಗೆ ಆ ಜಾಗಕ್ಕೆ ಒಂದು ಕೈ ಹಸಿರು ಬಳಿದು, ಒಣಗುವವರೆಗೂ ಕಾದು, ಮೇಲೆ ಪಟ್ಟಿ ಕಟ್ಟಿದೆ. ಎರಡು ದಿನ ಉಗುರಿನ ಸಂದಿಯಿಂದ ಹಸಿರು ಹೋಗಿರಲಿಲ್ಲ. ಬಣ್ಣದಲ್ಲಿ ಕರೆಂಟು ಹರಿಯುವುದಿಲ್ಲ, ಅದರ ಮೇಲೆ ಕೂತ ಪಟ್ಟಿಗೆ ಬೋಲ್ಟಿನ ಸುರುಳಿಯಷ್ಟೇ ದಾರಿ. ಹೊಸದರಲ್ಲಿ ಹೇಗೋ ಹರಿಯುತ್ತದೆ, ಲಾರಿ ಕುಲುಕಿ ಕುಲುಕಿ ಒಂದು ವಾರಕ್ಕೆ ಸಡಿಲವಾಗುತ್ತದೆ. ಲಾರಿ ಮೂರು ಸಲ ವಾಪಸು ಬಂದಾಗ ನಾಗರಾಜು ಎಲ್ಲವನ್ನೂ ನೋಡಿದ್ದ. ಡೈನಮೋ ನೋಡಿದ, ಬೆಲ್ಟು ನೋಡಿದ, ಬ್ಯಾಟರಿಯ ನೀರನ್ನೂ ನೋಡಿದ. ಆ ಪಟ್ಟಿಯೊಂದನ್ನು ನೋಡಲಿಲ್ಲ. ಅದನ್ನು ಕಟ್ಟಿದ್ದು ನಾನು.

"ಅವ್ವ? ಸುಟ್ಕಂಡ್ರಾ?"

"ಆಫ್ ಮಾಡು ಗಾಡಿ."

"ಅಯ್ಯೋ, ಆಮೇಲೆ ತಳ್ಳೋರ್ಯಾರು?"

"ಆಫ್ ಮಾಡ್ಲಾ ಅಂದೆ."

ಬೋಲ್ಟು ಬಿಚ್ಚಿದೆವು. ಉಪ್ಪುಕಾಗದ ಕೊಟ್ಟು, ಚಾಸಿಯಲ್ಲಿ ರೂಪಾಯಿಯಗಲ ಬಣ್ಣ ತೆಗೆಯಲು ಹೇಳಿದೆ. ಅವನು ಮನಸ್ಸಿಲ್ಲದ ಮನಸ್ಸಿನಿಂದ ತಿಕ್ಕಿದ, ತಾನು ಬಳಿದದ್ದಲ್ಲವೇ. ಕಬ್ಬಿಣ ಬೆಳ್ಳಗೆ ಹೊಳೆಯಿತು. ಹಲ್ಲಿರುವ ವಾಷರು ಹಾಕಿ, ಪಟ್ಟಿಯನ್ನು ಬಿಗಿಯಾಗಿ ಕಟ್ಟಿ, ಆಮೇಲೆ ಮೇಲೆ ವ್ಯಾಸಲೀನ್ ಬಳಿದೆ. ತುಕ್ಕಿಗೆ ಅಷ್ಟು ಸಾಕು. ಅದು ನನಗೆ ಆಗಲೂ ಗೊತ್ತಿತ್ತು.

"ಸೆಲ್ಫ್ ಒಡಿ."

ಅವನು ದೇವರಿಗೆ ಕೈಮುಗಿದು ಕೀಲಿ ತಿರುಗಿಸಿದ. ಎಂಜಿನ್ನು ಒಂದೇ ಸಲಕ್ಕೆ ಎದ್ದಿತು. ಲೈಟು ಬೆಳ್ಳಗಾಯಿತು. ಬ್ಯಾಟರಿಗೆ ಮೀಟರು ಹಿಡಿದರೆ ಇಪ್ಪತ್ತೆಂಟು. ಕುಮಾರ್ ಕ್ಯಾಬಿನ್ನಿನಿಂದ ಹಾರಿ ಇಳಿದ.

"ಅವ್ವಾ! ಐವತ್ತೆರಡು ಸಾವ್ರ ಒಂದ್ ಚೂರು ಉಪ್ಪುಕಾಗ್ದಕ್ಕೆ ಹೋಯ್ತಾ? ಆ ನನ್ಮಕ್ಳು ಎಂಗ್ ಸುಲೀತಿದ್ರು ನೋಡಿ!"

"ಬೈಬ್ಯಾಡ. ಅವ್ರು ಹುಡ್ಕಾಕಿಲ್ಲ, ಬದ್ಲಾಯಿಸ್ತಾರೆ. ಎಲ್ಲಾ ಬದ್ಲಾಯಿಸುದ್ರೆ ಕೆಟ್ಟಿದ್ದೂ ಅದ್ರ ಜೊತೇಲೇ ಹೋಯ್ತದೆ. ಏನ್ ಕೆಟ್ಟಿತ್ತು ಅಂತ ಮಾತ್ರ ಯಾರ್ಗೂ ಗೊತ್ತಾಗಕಿಲ್ಲ."

ಅವನು ಜೇಬಿಗೆ ಕೈ ಹಾಕಿದ್ದನ್ನು ನೋಡಿ, "ಕಾಸು ಆಮೇಲೆ ಕೊಡೀವಂತೆ. ಒಂದ್ ಸಾಮಾನು ಎತ್ಕೊಡು, ನನ್ ಕೈಲಿ ಆಗಕಿಲ್ಲ" ಎಂದೆ.

ಬೆಂಚಿನ ಕೆಳಗೆ ಬಗ್ಗಿ ಅವನು ಚೀಲ ಎಳೆದ. ಗೋಣಿ ನೆಲಕ್ಕೆ ಅಂಟಿತ್ತು, ಕಿತ್ತುಕೊಂಡು ಬಂತು. "ಏನೈತವ್ವ ಇದ್ರಲ್ಲಿ, ಹಳೇ ಕಾಲದ ನಿಧಿಯಾ?" ಎಂದ. ಗಂಟು ಬಿಚ್ಚಲಾಗದೆ ಬ್ಲೇಡಿನಿಂದ ಕೊಯ್ದೆ. ಡೈನಮೋದ ಮೈ ಮೇಲೆ ಜೇಡ ಗೂಡು ಕಟ್ಟಿತ್ತು. ಸ್ಕ್ರೂಗಳು ತಿರುಗಲು ಒಪ್ಪಲಿಲ್ಲ. ಸೀಮೆಎಣ್ಣೆ ಬಿಟ್ಟು ಕಾದೆ. ಆರು ವರ್ಷ ಕಾದವಳಿಗೆ ಆ ಹತ್ತು ನಿಮಿಷ ಕಾಯುವುದು ಕಷ್ಟವಾಯಿತು.

ಮುಚ್ಚಳ ಬಂತು. ಡಯೋಡ್ ಪ್ಲೇಟಿನ ಬೆನ್ನನ್ನು ಸೆರಗಿನಿಂದ ಒರೆಸಿ ಬೆಳಕಿಗೆ ಹಿಡಿದೆ.

೧೪–೨–೧೯.

ನಾಗರಾಜುವಿನ ಕೈಬರಹ. ಕನ್ನಡದ ಅಂಕಿಯಲ್ಲೇ ಬರೆಯುತ್ತಿದ್ದ. ನಾನು ರಾತ್ರಿ ಶಾಲೆಯಿಂದ ಬಂದಮೇಲೆ ಸ್ಲೇಟು ಹಿಡಿದು ತಿದ್ದಿಸುತ್ತಿದ್ದವನು ಅವನು. ೬ಕ್ಕೂ ೯ಕ್ಕೂ ನನಗೆ ಯಾವಾಗಲೂ ಗೊಂದಲ. ಅತ್ತಿಗೆಗೆ ಗುರುತು ಸಿಗಲೆಂದು ೯ರ ತುದಿಯನ್ನು ಉದ್ದಕ್ಕೆ ಎಳೆಯುತ್ತಿದ್ದ. ಇಲ್ಲಿಯೂ, ಯಾರೂ ನೋಡದ ಆ ಜಾಗದಲ್ಲಿಯೂ ಎಳೆದಿದ್ದ.

ಮುಚ್ಚಳ ಹಾಕಿ ಬೆಂಚಿನ ಮೇಲೆ ಕೂರಿಸಿ, ಮೋಟರಿಗೆ ಬೆಲ್ಟು ಹಾಕಿ ತಿರುಗಿಸಿದೆ. ಬೇರಿಂಗು ಸ್ವಲ್ಪ ಕಿರುಗುಟ್ಟಿತು. ಆಮೇಲೆ ಬಲ್ಬು ಉರಿಯಿತು. ಮೀಟರು ಇಪ್ಪತ್ತೆಂಟಕ್ಕೆ ಹೋಗಿ ಅಲ್ಲೇ ನಿಂತಿತು, ಅಲುಗಾಡದೆ. ನಾನು ಬಹಳ ಹೊತ್ತು ಅದನ್ನು ಆಫ್ ಮಾಡಲಿಲ್ಲ.

ಕುಮಾರ್ ಬಾಗಿಲಲ್ಲಿ ಕೂತು ಬೀಡಿ ಹಚ್ಚಿದ್ದ. ಆರಿಸಿ ಎದ್ದು ಬಂದ. "ಯಾರ್ದವ್ವ ಇದು?" ಎಂದ. ಹೇಳಿದೆ, ಎಲ್ಲವನ್ನೂ. ಗುರುತಿಲ್ಲದವನಿಗೆ ಹೇಳುವುದು ಸುಲಭ ಎಂದು ತಿಳಿದಿದ್ದೆ. ಸುಲಭವಾಗಲಿಲ್ಲ.

"ಈಗ್ಲೇ ಫೋನ್ ಮಾಡಿ" ಎಂದ.

"ಎತ್ತಾಕಿಲ್ಲ."

"ನನ್ ಫೋನಲ್ಲಿ ಮಾಡಿ, ನಂಬರ್ ಗೊತ್ತಾಗಕಿಲ್ಲ."

"ಮೋಸ ಮಾಡಿ ಮಾತಾಡ್ಸಾದು ಬ್ಯಾಡ ಕಣಪ್ಪ."

"ಅಂಗಾರೆ ನಾಳಿದ್ದು ನಾಗಮಂಗ್ಲುಕ್ಕೆ ಓಯ್ತೀನಿ, ದೇವ್ಲಾಪುರ್ದವರ್ಗೂ ಹೋಗಿ ನಾನೇ ಹೇಳ್ಬುಡ್ತೀನಿ, ಇಂಗಿಂಗೆ ನಿಮ್ಮತ್ಗೆ ಅಳ್ತಾವ್ರೆ ಅಂತ."

"ನಾನೆಲ್ಲಿ ಅಳ್ತಿದ್ದೀನಿ?"

ಅವನು ನನ್ನ ಮುಖ ನೋಡಿ ಬೇರೆ ಕಡೆ ತಿರುಗಿದ. "ಸೀಮೆಎಣ್ಣೆ ಕಣ್ಣಿಗೆ ಬಿದ್ದಿರ್ಬೇಕು ಬುಡಿ" ಎಂದ.

"ಕೇಳ್ದೋಳು ನಾನು. ಹೇಳ್ಬೇಕಾದೋಳೂ ನಾನೇಯ."

ಮುನ್ನೂರು ರೂಪಾಯಿ ತೆಗೆದುಕೊಂಡೆ. ಷೋರೂಮಿನಲ್ಲಿ ಬಾನೆಟ್ ಎತ್ತಿದ್ದಕ್ಕೇ ಅದರ ಎರಡರಷ್ಟು ಕಿತ್ತುಕೊಂಡರು ಎಂದು ಜಗಳವಾಡುವವನ ಹಾಗೆ ಇನ್ನೂ ಇನ್ನೂರು ಇಡಲು ನೋಡಿದ, ನಾನು ಬಿಡಲಿಲ್ಲ. ಹೋಗುವಾಗ ಉದ್ದಕ್ಕೆ ಹಾರನ್ ಹೊಡೆದ. ಲಾರಿಯ ಸದ್ದು ಕಿವಿಗೆ ಕೇಳುವಷ್ಟು ದೂರ ಕೇಳಿ, ನಿಂತಿತು. ಆಮೇಲೆ ಬೀದಿಯಲ್ಲಿ ಏನೂ ಇರಲಿಲ್ಲ. ನಾಗರಾಜು ಇಷ್ಟು ದಿನ ಸಿಟ್ಟಿನಿಂದ ದೂರ ಇದ್ದಾನೆ ಎಂದುಕೊಂಡಿದ್ದೆ. ನಾನು ನೋಡಲಿ ಎಂದು ಕಾದುಕೊಂಡಿದ್ದ. ನಾನು ಇಲ್ಲಿ ಒಬ್ಬಳೇ ಎಂದುಕೊಂಡು ಕೂತಿದ್ದೆ, ಅಲ್ಲಿ ಹೆಂಡತಿ ಮಗಳ ನಡುವೆಯೂ ಅವನು ಒಬ್ಬನೇ ಇದ್ದ.

ಹನ್ನೊಂದು ಕವರುಗಳನ್ನು ತೆಗೆದು ಒಲೆಗೆ ಹಾಕಿದೆ. ಒಂದನ್ನೂ ಒಡೆದು ನೋಡಲಿಲ್ಲ. ಹೊಸ ಹಾಳೆ ತೆಗೆದುಕೊಂಡು 'ಚಿರಂಜೀವಿ' ಎಂದು ಬರೆದೆ, ನಿಲ್ಲಿಸಿದೆ. ಮತ್ತೆ ಮಳೆ ಬೆಳೆ ಆರೋಗ್ಯ ಬರುವುದರಲ್ಲಿತ್ತು. ಹಾಳೆ ಮಡಚಿಟ್ಟೆ.

ಬೆಳಿಗ್ಗೆ ಸ್ನಾನ ಮಾಡಿ ಶ್ರೀರಂಗಪಟ್ಟಣದ ಅಂಚೆ ಕಚೇರಿಗೆ ನಡೆದೆ. ಕೌಂಟರಿನಲ್ಲಿ ಭಾವನಾ ಎಂಬ ಹುಡುಗಿ ಇದ್ದಳು; ನನ್ನ ಪಿಂಚಣಿಗೆ ಹೆಬ್ಬೆಟ್ಟು ಒತ್ತಿಸಲು ಬಂದು, ನಾನು ಸಹಿ ಹಾಕಿದಾಗ ಬೆರಗಾದವಳು.

"ಒಂದು ಕಾರ್ಡ್ ಕೊಡವ್ವ" ಎಂದೆ.

"ಕಾರ್ಡಾ? ಯಾರಜ್ಜಿ ಈಗ ಕಾರ್ಡ್ ಬರೀತಾರೆ?" ಎಂದು ಹುಡುಕಿ ಒಂದನ್ನು ತೆಗೆದುಕೊಟ್ಟಳು.

ಅಲ್ಲೇ ಗೋಡೆ ಪಕ್ಕದ ಮೇಜಿನ ಮೇಲೆ ಬರೆದೆ. ನನ್ನ ಅಕ್ಷರ ದಪ್ಪ. ಕಾರ್ಡಿನಲ್ಲಿ ಹೆಚ್ಚು ಹಿಡಿಯುವುದಿಲ್ಲ, ಬೇಡದ್ದಕ್ಕೆ ಜಾಗವೇ ಇರುವುದಿಲ್ಲ.

'ನಾಗರಾಜು, ಚೌಡಯ್ಯನ ಡೈನಮೋ ಬಿಚ್ಚಿ ನೋಡಿದೆ. ನೀನು ಹಾಕಿದ್ದು ಹೊಸ ಪ್ಲೇಟು. ತಾರೀಖು ಇದೆ. ತಿರುಗಿಸಿದೆ, ಈಗಲೂ ಇಪ್ಪತ್ತೆಂಟು ಕೊಡುತ್ತದೆ. ಕೆಟ್ಟಿದ್ದು ಅರ್ಥಿಂಗು. ನಾನು ಅಡಿಯಲ್ಲಿ ಬಣ್ಣ ಬಳಿದು ಕಟ್ಟಿದ್ದೆ. ನಾನು ಕಟ್ಟಿದ್ದು ಎಂದು ನೀನು ಅದನ್ನು ನೋಡಲಿಲ್ಲ. ನಾನು ನಿನ್ನನ್ನು ಕೇಳಿದೆ. ತಪ್ಪು ನನ್ನದು. ಇತಿ, ಅತ್ತಿಗೆ ಪುಟ್ಟತಾಯಮ್ಮ.'

ಬಾ ಎಂದು ಬರೆಯಲು ಒಂದು ಸಾಲಿನ ಜಾಗ ಉಳಿದಿತ್ತು. ಹಾಗೇ ಬಿಟ್ಟೆ. ಬರುವುದು ಬಿಡುವುದು ಅವನದು.

ವಿಳಾಸ ಬರೆದು ಕೊಟ್ಟೆ. ಪಿನ್‌ಕೋಡು ಗೊತ್ತಿಲ್ಲ ಎಂದೆ. ಭಾವನಾ ಅದನ್ನು ಕಂಪ್ಯೂಟರಿನಲ್ಲಿ ಹುಡುಕಿ, ಚೌಕಗಳಲ್ಲಿ ತುಂಬಿಸಿದಳು. ತುಂಬಿಸುತ್ತ ಅವಳ ಕಣ್ಣು ಪಕ್ಕದ ಬರಹದ ಮೇಲೆ ಹೋಯಿತು, ಹೋಗದೆ ಹೇಗಿರುತ್ತದೆ. ಓದಿ ಮುಗಿಸಿ ತಲೆಯೆತ್ತಿದಳು.

"ಅಜ್ಜಿ, ಇದನ್ನ ಕವರಲ್ಲಿ ಹಾಕಿ ಕೊಡ್ಲಾ? ಕಾರ್ಡಾದ್ರೆ ಎಲ್ರೂ ಓದ್ತಾರೆ. ನಾಗಮಂಗಲದಲ್ಲಿ ಓದ್ತಾರೆ, ದೇವಲಾಪುರದ ಪೋಸ್ಟ್‌ಮ್ಯಾನ್ ಓದ್ತಾನೆ. ಹಳ್ಳಿ ಅಂದ್ಮೇಲೆ ಅಂಗಡಿ ಮುಂದೆ ಕೂತೋರೂ ಓದ್ತಾರೆ."

"ಓದ್ಲಿ ಬುಡವ್ವ" ಎಂದೆ. "ನಾನು ಕೇಳಿದ್ದೂ ಎಲ್ರ ಮುಂದೇನೇಯ."

ಅವಳು ಮೊಹರನ್ನು ಮಸಿಗೆ ಒತ್ತಿ ಕಾರ್ಡಿನ ಮೂಲೆಗೆ ಹೊಡೆದಳು, ಮಸಿ ಒಣಗಲೆಂದು ಒಂದು ಸಲ ಊದಿದಳು, ನಾಗಮಂಗಲದ ಕಟ್ಟಿಗೆ ಸೇರಿಸಿದಳು.